ಪಡಸಾಲೆಯ ಬೈಠಕ್ಕು: ಮಿರಜ–ಕುಂದಗೋಳ ಸೀಮೆಯ ಒಂದು ಸಂಗೀತ ಚರಿತ್ರೆ

ಹಿಂದುಸ್ತಾನಿ ಸಂಗೀತದ ಚರಿತ್ರೆಯನ್ನು ಸಾಮಾನ್ಯವಾಗಿ ಘರಾಣೆ, ಆಸ್ಥಾನ, ಸಾರ್ವಜನಿಕ ಸಭೆ ಎಂಬ ನೆಲೆಗಳಿಂದ ನಿರೂಪಿಸಲಾಗುತ್ತದೆ. ಕನ್ನಡ–ಮರಾಠಿ ಗಡಿಸೀಮೆಯ ಮಟ್ಟಿಗೆ ಇವುಗಳಷ್ಟೇ ಮುಖ್ಯವಾದ ಇನ್ನೊಂದು ನೆಲೆ ಮನೆ. ವಾಡೆಯಲ್ಲೋ ಪಡಸಾಲೆಯಲ್ಲೋ ಜಮಖಾನೆ ಹಾಸಿ ನಡೆಯುತ್ತಿದ್ದ ಬೈಠಕ್ಕನ್ನು ಸಭಾಂಗಣದ ಕಚೇರಿಯ ಕಿರುರೂಪವೆಂದು ಎಣಿಸುವುದು ಸರಿಯಲ್ಲ. ಧ್ವನಿವರ್ಧಕದ ಹಂಗಿಲ್ಲದ ಆ ಸಾಮೀಪ್ಯದಲ್ಲಿ ಆಶ್ರಯದಾತ, ರಸಿಕ, ಶಿಷ್ಯ ಮೂವರೂ ಒಟ್ಟಿಗೆ ಕುಳಿತು ಕೇಳುತ್ತಿದ್ದರು. ಕೇಳುವುದೇ ಅರ್ಧ ಕಲಿಕೆಯಾಗುತ್ತಿತ್ತು.

ಕಿರಾನಾ ಘರಾಣೆಯ ಅಬ್ದುಲ್ ಕರೀಂ ಖಾನ್ (1872–1937) ಮಿರಜಿನಲ್ಲಿ ನೆಲೆಸಿದರು. ಅವರ ಶಿಷ್ಯ ಸವಾಯಿ ಗಂಧರ್ವ (1886–1952) ಅಂದಿನ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಕುಂದಗೋಳದವರು. ಅಲ್ಲಿಯ ನಾಡಗೀರ ವಾಡೆ ಖಾನ್‌ಸಾಹೇಬರ ಗಾಯನಕ್ಕೂ ಆತಿಥ್ಯಕ್ಕೂ ತೆರೆದ ಮನೆಯಾಗಿತ್ತು. ಮಲ್ಲಿಕಾರ್ಜುನ ಮನ್ಸೂರರು ನೀಲಕಂಠಬುವಾ ಅವರಲ್ಲಿ ಕಲಿಯಲು ಮಿರಜಿಗೆ ಹೋದದ್ದೂ ಇದೇ ಸೀಮೆಯೊಳಗಿನ ಓಡಾಟ. ಸಂಸ್ಥಾನಗಳು ವಿಲೀನಗೊಂಡು, 1956ರ ಪುನರ್ವಿಂಗಡಣೆಯಲ್ಲಿ ಕುಂದಗೋಳ ಮೈಸೂರು ರಾಜ್ಯಕ್ಕೆ ಸೇರಿತು. ಮಿರಜ ಮುಂಬಯಿ ರಾಜ್ಯದಲ್ಲೇ ಉಳಿಯಿತು. ಒಂದೇ ಆಗಿದ್ದ ಕೇಳ್ಮೆಯ ಪ್ರದೇಶದ ಚರಿತ್ರೆ ಆಮೇಲೆ ಎರಡು ರಾಜ್ಯಗಳ ಹೆಮ್ಮೆಯ ಪಟ್ಟಿಗಳಲ್ಲಿ ಹಂಚಿಹೋಯಿತು.

ಆದರೆ ವಾಡೆಯನ್ನಷ್ಟೇ ನೆನೆದರೆ ಆಶ್ರಯದಾತರ ಚರಿತ್ರೆ ಮಾತ್ರ ಉಳಿಯುತ್ತದೆ. ಗಾಯಕಿಯರ ಮನೆಗಳನ್ನೂ ಗಮನಿಸಬೇಕು. ಗಂಗೂಬಾಯಿ ಹಾನಗಲ್ಲರ (1913–2009) ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಧಾರವಾಡದ ಅವರ ಮನೆಗೆ ಅಬ್ದುಲ್ ಕರೀಂ ಖಾನರು ಬಂದದ್ದು ಹಾಡುವುದಕ್ಕಲ್ಲ, ಆಕೆಯ ಹಾಡು ಕೇಳುವುದಕ್ಕೆ. ಉಸ್ತಾದನು ಕೇಳುಗನಾದ ಆ ಪಡಸಾಲೆಯಲ್ಲಿ ಎರಡು ಪದ್ಧತಿಗಳು ಮುಖಾಮುಖಿಯಾದವು. ಮುಂದೆ, ಮಗಳ ಹಿಂದುಸ್ತಾನಿ ಕಲಿಕೆಗೆ ತೊಡಕಾಗದಿರಲೆಂದು ಅಂಬಾಬಾಯಿ ತಮ್ಮ ಹಾಡುಗಾರಿಕೆಯನ್ನೇ ಬಿಟ್ಟರು. ಘರಾಣೆಯ ವಂಶವೃಕ್ಷದಲ್ಲಿ ಈ ತ್ಯಾಗಕ್ಕೆ ಸ್ಥಾನವಿಲ್ಲ.

ಮನೆಯೊಳಗಿನ ಕಲಿಕೆ ಎಲ್ಲರಿಗೂ ಒಂದೇ ಬಗೆಯದಾಗಿರಲಿಲ್ಲ. ಭೀಮಸೇನ ಜೋಶಿಯವರು ಸವಾಯಿ ಗಂಧರ್ವರ ಮನೆಯಲ್ಲಿಯೇ ಉಳಿದು, ನೀರು ಹೊತ್ತು, ಸೇವೆ ಮಾಡಿ ಕಲಿತರು. ಗಂಗೂಬಾಯಿ ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು, ಪಾಠ ಮುಗಿಸಿ, ರೈಲಿನಲ್ಲೇ ಮರಳುತ್ತಿದ್ದರು. ಒಬ್ಬರಿಗೆ ಗುರುವಿನ ಮನೆ ವಾಸಸ್ಥಾನ. ಇನ್ನೊಬ್ಬರ ಪಾಠಕ್ಕೆ ರೈಲಿನ ವೇಳೆಯೇ ಮಿತಿ. ಲಿಂಗಭೇದದ ಈ ಲೆಕ್ಕವನ್ನು ಬಿಟ್ಟು ಗುರುಕುಲವನ್ನು ಹೊಗಳಲಾಗದು.

ಬೈಠಕ್ಕಿಗೆ ಟಿಕೆಟ್ಟಿನ ಲೆಕ್ಕವಿಲ್ಲ. ಮುದ್ರಿತ ಕಾರ್ಯಕ್ರಮಪಟ್ಟಿಯೂ ವಿರಳ. ಗಂಗೂಬಾಯಿಯವರ ‘ನನ್ನ ಬದುಕಿನ ಹಾಡು’, ಮನ್ಸೂರರ ‘ನನ್ನ ರಸಯಾತ್ರೆ’ಯಂಥ ಆತ್ಮಕಥನಗಳನ್ನು ಸಂಗೀತಗಾರರ ಜೀವನವೃತ್ತಾಂತಗಳಾಗಿ ಮಾತ್ರವಲ್ಲದೆ ಮನೆಗಳ ಚರಿತ್ರೆಯ ಆಕರಗಳಾಗಿಯೂ ಓದಬೇಕಾಗಿದೆ. ಅದರ ಜೊತೆಗೆ ಜತ್ತ, ಅಕ್ಕಲಕೋಟೆ, ಸೊಲ್ಲಾಪುರಗಳ ಕನ್ನಡ ಮನೆತನಗಳಲ್ಲಿ ಯಾರು ಹಾಡಿದರು, ಯಾರು ಒಳಗೆ ಕುಳಿತರು, ಯಾರು ಬಾಗಿಲಾಚೆ ನಿಂತು ಕೇಳಿದರು ಎಂಬುದನ್ನು ಹಿರಿಯರಿಂದ ಕೇಳಿ ದಾಖಲಿಸುವ ಕೆಲಸ ತುರ್ತಿನದು. ಆ ನೆನಪು ಎರಡು ಭಾಷೆಗಳಲ್ಲಿ ಹರಡಿಕೊಂಡಿರುವುದರಿಂದ ಒಂದೇ ಭಾಷೆಯ ಸಂಶೋಧನೆಗೆ ಅದು ಪೂರ್ತಿಯಾಗಿ ದಕ್ಕದು.