ಅರಮನೆಗಿಂತ ಗಡಿ ಮುಖ್ಯ

ಬೆಂಗಳೂರಿನಿಂದ ಒಂದೇ ದಿನದಲ್ಲಿ ರಾಜರ ಊರು ನೋಡಿ ಬರಬೇಕೆಂದರೆ ಮೈಸೂರೇ ಸರಿ. ಅಲ್ಲಿ ಅರಮನೆ ಕಂಡರೆ ರಾಜ್ಯವನ್ನೇ ಕಂಡಂತೆ. ಬಾಗಲಕೋಟೆ ಜಿಲ್ಲೆಯ ಜಮಖಂಡಿಯಲ್ಲಿ ಈ ಲೆಕ್ಕ ನಡೆಯದು. ರಾಮತೀರ್ಥದ ಅರಮನೆ ಇಲ್ಲಿ ಆಳಿದ ಪಟವರ್ಧನರ ವೈಭವವನ್ನು ಹೇಳೀತು, ಅವರ ಮಾತು ಎಲ್ಲಿಯವರೆಗೆ ನಡೆಯುತ್ತಿತ್ತು ಎಂಬುದನ್ನಲ್ಲ. ಅದಕ್ಕೆ ಹಳೆಯ ಗಡಿಗಳನ್ನೇ ಹುಡುಕಬೇಕು. ಬನಹಟ್ಟಿ ಜಮಖಂಡಿ ಸಂಸ್ಥಾನದ್ದು, ಮಗ್ಗುಲಲ್ಲೇ ಇರುವ ರಬಕವಿ ಸಾಂಗ್ಲಿಯದು, ಮುಧೋಳ ಘೋರ್ಪಡೆಯವರದು, ಬೀಳಗಿ ನೇರವಾಗಿ ಬ್ರಿಟಿಷರ ವಿಜಾಪುರ ಜಿಲ್ಲೆಯದು. ಇಂದು ಒಂದೇ ನಗರಸಭೆಗೆ ಸೇರಿದ ರಬಕವಿ-ಬನಹಟ್ಟಿ ಅವಳಿ ಊರುಗಳ ನೇಕಾರರು ಅಂದು ಇಬ್ಬರು ದೊರೆಗಳ ಪ್ರಜೆಗಳು. ಹಗಲು ಮುಗಿಯುವುದರೊಳಗೆ ಸುತ್ತಿ ಬರಬಹುದಾದ ಈ ನೆಲದಲ್ಲಿ ನಾಲ್ಕು ಆಳ್ವಿಕೆಗಳಿದ್ದವು.

ಇವೆಲ್ಲ ಕಾಗದದ ಗೆರೆಗಳು, ಮಗ್ಗಕ್ಕೂ ಮಾತಿಗೂ ಯಾವ ಗಡಿ ಎಂದು ಕೇಳಬಹುದು. ಆಕ್ಷೇಪಣೆಯಲ್ಲಿ ಹುರುಳಿದೆ. 1857ರಲ್ಲಿ ಆಯುಧ ಒಪ್ಪಿಸಲು ಒಲ್ಲದ ಹಲಗಲಿಯ ಬೇಡರ ಮೇಲೆ ಬಿದ್ದದ್ದು ಕಂಪನಿಯ ದಂಡು. ಊರು ಮುಧೋಳ ಸಂಸ್ಥಾನದ್ದೆಂಬುದು ಅದನ್ನು ತಡೆಯಲಿಲ್ಲ. ಆದರೆ ಬ್ರಿಟಿಷರ ಮುಂದೆ ಸೋತ ಗಡಿ ಪ್ರಜೆಯ ಮುಂದೆ ಗಟ್ಟಿಯಾಗಿಯೇ ಇತ್ತು: ಕಂದಾಯ ಯಾರ ಖಜಾನೆಗೆ, ದೂರು ಯಾರ ಕಚೇರಿಗೆ ಎಂಬುದನ್ನು ಅದೇ ನಿರ್ಧರಿಸುತ್ತಿತ್ತು. ರಾಜಕೀಯದ ಬಾಗಿಲೂ ಅದರೊಳಗೇ ತೆರೆಯಿತು. ಸಾವಳಗಿಯ ಬಿ.ಡಿ. ಜತ್ತಿ ಈ ಪುಟ್ಟ ಜಮಖಂಡಿಯ ದಿವಾನಗಿರಿಯವರೆಗೆ ಏರಿದರು (ಅರಮನೆ ತೋರಿಸುವವರು ಇದನ್ನೂ ಹೇಳಬೇಕು). 1948ರ ಮಾರ್ಚ್ 8ರಂದು ಸಂಸ್ಥಾನ ವಿಲೀನವಾಯಿತು. ಜತ್ತಿ 1958ರಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿಯಾದರು, 1977ರಲ್ಲಿ ಹಂಗಾಮಿ ರಾಷ್ಟ್ರಪತಿ.