ಕೆಸರಿಗೊಂದು ಟೈರ್, ಡಾಂಬರಿಗೊಂದು ಟೈರ್

ಹೋದ ವಾರ ಮೂಡಿಗೆರೆ ಕಡೆಯ ಗೆಳೆಯನೊಬ್ಬ ಫೋನ್ ಮಾಡಿದ್ದ. ತೋಟ ಅಲ್ಲಿ, ಮನೆ ಬೆಂಗಳೂರಿನಲ್ಲಿ. ಎರಡು ವಾರಕ್ಕೊಮ್ಮೆ ತನ್ನ ಪಿಕಪ್ ಟ್ರಕ್ ಹತ್ತಿ ಊರಿಗೆ ಹೋಗಿ ಬರುತ್ತಾನೆ.

"ಟೈರ್ ಸವೆದು ಬೋಳಾಗಿದೆ ಮಾರಾಯ. ಈ ಸಲ ದಪ್ಪ ದಪ್ಪ ಗುಬಟು ಇರೋ ಮಡ್ ಟೈರ್ ಹಾಕಿಸಿಬಿಡೋಣ ಅಂತಿದೀನಿ. ಏನಂತೀಯ?"

"ಕೆಸರು ಎಷ್ಟು ದೂರ ಇದೆ?" ಅಂದೆ.

"ಗೇಟಿನಿಂದ ಲೈನ್ ಮನೆ ತನಕ, ಒಂದು 3 ಕಿಲೋಮೀಟರ್."

"ಉಳಿದದ್ದು?"

"ಉಳಿದದ್ದು ಟಾರ್ ರಸ್ತೆನೇ..." ಅಂದವನು ಸುಮ್ಮನಾದ.

ಅವನಿಗೆ ಫೋನಿನಲ್ಲಿ ಹೇಳಿದ್ದು ಎರಡೇ ಮಾತು. ಆದರೆ ಆ ಎರಡು ಮಾತಿನ ಹಿಂದೆ ನೂರು ವರ್ಷಕ್ಕೂ ಹೆಚ್ಚಿನ ಕಥೆ ಇದೆ. ಒಂದೇ ಗಾಡಿ ಮಣ್ಣಿನಲ್ಲೂ ಓಡಬೇಕು, ಹೈವೇಯಲ್ಲೂ ಓಡಬೇಕು ಅನ್ನುವ ಆಸೆ ಮೋಟಾರು ಗಾಡಿಯಷ್ಟೇ ಹಳೆಯದು. ಆ ಆಸೆಗೆ ಜನ ಕೊಟ್ಟ ಬೆಲೆಯೂ ಸಣ್ಣದಲ್ಲ.

ಗಾಳಿ ತುಂಬಿದ ಟೈರಿಗೆ ಮೊದಲು ಪೇಟೆಂಟ್ ಪಡೆದವನು ಸ್ಕಾಟ್ಲೆಂಡಿನ ರಾಬರ್ಟ್ ಥಾಮ್ಸನ್, 1845ರಲ್ಲಿ. ಆಗ ಅದನ್ನು ಕೇಳುವವರೇ ಇರಲಿಲ್ಲ. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಡನ್ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗೆ ಅದನ್ನೇ ಮತ್ತೆ ಹೊಸದಾಗಿ ಕಂಡುಹಿಡಿದ. ಆರಂಭದ ಕಾರಿನ ಟೈರುಗಳು ನಮ್ಮ ಗೆಳೆಯನ ಈಗಿನ ಟೈರಿನ ಹಾಗೆ ಬೋಳು! 1908ರಲ್ಲಿ ಅಮೆರಿಕದ ಫೈರ್‌ಸ್ಟೋನ್ ಕಂಪನಿ ಟೈರಿನ ಮೈಮೇಲೆ ತನ್ನ ಹೆಸರನ್ನೂ 'ಜಾರುವುದಿಲ್ಲ' ಅನ್ನುವ ಅರ್ಥದ ಇಂಗ್ಲಿಷ್ ಪದಗಳನ್ನೂ ಉಬ್ಬು ಅಕ್ಷರಗಳಲ್ಲಿ ಅಚ್ಚು ಹಾಕಿತು. ಆ ಅಕ್ಷರಗಳೇ ಹಿಡಿತ ಕೊಡುವ ಗುಬಟುಗಳು. ಜಾಹೀರಾತೂ ಆಯ್ತು, ಕೆಲಸವೂ ಆಯ್ತು.

ಗುಬಟು ದೊಡ್ಡದಾದಷ್ಟೂ ಮಣ್ಣಿನಲ್ಲಿ ಹಿಡಿತ ಹೆಚ್ಚು, ನಿಜ. ನಮ್ಮ ಮಲೆನಾಡಿನ ಕೆಸರನ್ನೇ ನೋಡಿ. ಮೇಲೆ ಒಂದು ಗೇಣು ಜಾರುವ ಮಣ್ಣು, ಕೆಳಗೆ ಗಟ್ಟಿ ನೆಲ. ಗುಬಟು ಆ ಜಾರು ಮಣ್ಣನ್ನು ಸೀಳಿ ಕೆಳಗಿನ ಗಟ್ಟಿ ನೆಲ ಮುಟ್ಟಬೇಕು. ಗುಬಟುಗಳ ನಡುವೆ ಅಗಲವಾದ ಸಂದು ಇದ್ದರೆ ಮೆತ್ತಿಕೊಂಡ ಮಣ್ಣು ತಿರುಗುವ ರಭಸಕ್ಕೆ ತಾನೇ ಉದುರುತ್ತದೆ. ಸಂದು ಕಿರಿದಾದರೆ ಮಣ್ಣು ತುಂಬಿ ಟೈರ್ ಮತ್ತೆ ಬೋಳು.

ಆದರೆ ಅದೇ ಅಗಲ ಸಂದು ಡಾಂಬರಿನ ಮೇಲೆ ಶತ್ರು. ರಸ್ತೆ ಮುಟ್ಟುವ ರಬ್ಬರ್ ಕಡಿಮೆ, ಹಾಗಾಗಿ ಮಳೆಯಲ್ಲಿ ಬ್ರೇಕ್ ಹಾಕಿದರೆ ಗಾಡಿ ನಿಲ್ಲಲು ಹೆಚ್ಚು ದೂರ ಬೇಕು. ಎತ್ತರದ ಗುಬಟುಗಳು ವೇಗದಲ್ಲಿ ಅತ್ತಿತ್ತ ಬಾಗಿ ಬಳುಕಿ ಬಿಸಿಯಾಗುತ್ತವೆ, ಬೇಗ ಸವೆಯುತ್ತವೆ, ಜೊತೆಗೆ ಗುಂಯ್ ಅಂತ ಸದ್ದು ಬೇರೆ.

ಇನ್ನು ಮರಳಿನ ಕಥೆಯೇ ಬೇರೆ. ಅಲ್ಲಿ ಸೀಳಬಾರದು, ತೇಲಬೇಕು. ಇದನ್ನು ಚೆನ್ನಾಗಿ ಅರಿತವನು ರಾಲ್ಫ್ ಬ್ಯಾಗ್ನಾಲ್ಡ್ ಅನ್ನುವ ಬ್ರಿಟಿಷ್ ಸೇನಾಧಿಕಾರಿ. 1920ರ ದಶಕದ ಕೊನೆಯಲ್ಲಿ ಗೆಳೆಯರ ಜೊತೆ ಸಾಧಾರಣ ಫೋರ್ಡ್ ಕಾರುಗಳಲ್ಲಿ ಈಜಿಪ್ಟ್, ಲಿಬಿಯಾಗಳ ಮರಳುಗಾಡು ಸುತ್ತುತ್ತಿದ್ದ. ಅವನು ನೆಚ್ಚಿದ್ದು ಗುಬಟನ್ನಲ್ಲ, ಗಾಳಿಯನ್ನು. ಟೈರಿನ ಗಾಳಿ ಇಳಿಸಿದರೆ ಅದು ಒಂಟೆಯ ಪಾದದ ಹಾಗೆ ಹರಡಿಕೊಂಡು ಮರಳಿನ ಮೇಲೆ ನಿಲ್ಲುತ್ತದೆ. 1940ರಲ್ಲಿ ಇದೇ ಬ್ಯಾಗ್ನಾಲ್ಡ್ 'ಲಾಂಗ್ ರೇಂಜ್ ಡೆಸರ್ಟ್ ಗ್ರೂಪ್' ಕಟ್ಟಿದ. ಆ ಪಡೆ ಬಳಸಿದ ಷೆವ್ರೊಲೆ ಟ್ರಕ್ಕುಗಳಲ್ಲಿ ಹೆಚ್ಚಿನವಕ್ಕೆ ನಾಲ್ಕು ಗಾಲಿಯ ಎಳೆತವೂ ಇರಲಿಲ್ಲ. ಅಗಲ ಟೈರು, ಕಡಿಮೆ ಗಾಳಿ, ಹೂತರೆ ಕೆಳಗೆ ಹಾಸಲು ಕಬ್ಬಿಣದ ಪಟ್ಟಿ. ಅಷ್ಟರಲ್ಲೇ ಸಾವಿರಾರು ಕಿಲೋಮೀಟರ್ ಓಡಿದವು.

ಲೆಕ್ಕ ಸುಲಭ. ಸಾಮಾನು ಸೇರಿ 2000 ಕಿಲೋ ತೂಗುವ ಗಾಡಿ ಅಂದರೆ ಗಾಲಿಗೆ 500 ಕಿಲೋ. 35 ಪಿ.ಎಸ್.ಐ. ಗಾಳಿ ಇದ್ದರೆ ಪ್ರತಿ ಟೈರ್ ನೆಲ ಮುಟ್ಟುವ ಜಾಗ ಹೆಚ್ಚುಕಡಿಮೆ 200 ಚದರ ಸೆಂಟಿಮೀಟರ್. ಗಾಳಿಯನ್ನು 18ಕ್ಕೆ ಇಳಿಸಿದರೆ ಅದು ಹತ್ತಿರ ಹತ್ತಿರ ಎರಡರಷ್ಟು. ಒಂದು ಪೈಸೆ ಖರ್ಚಿಲ್ಲದೆ ಗಾಡಿಯ ಪಾದ ಇಮ್ಮಡಿ ಆಯ್ತು!

ಹಾಗಾದರೆ ಯಾವಾಗಲೂ ಕಡಿಮೆ ಗಾಳಿಯಲ್ಲೇ ಓಡಿಸಬಾರದೇಕೆ? ಇಲ್ಲೇ ಇರುವುದು ಅಪಾಯ. 80 ಕಿ.ಮೀ. ವೇಗದಲ್ಲಿ ಟೈರ್ ಸೆಕೆಂಡಿಗೆ ಸುಮಾರು 10 ಸಲ ಸುತ್ತುತ್ತದೆ. ಪ್ರತಿ ಸುತ್ತಿನಲ್ಲೂ ನೆಲ ಮುಟ್ಟುವ ಭಾಗ ಚಪ್ಪಟೆಯಾಗಿ ಮತ್ತೆ ದುಂಡಗಾಗಬೇಕು. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿದರೆ ಬಿಸಿಯಾಗುತ್ತದಲ್ಲ, ಹಾಗೆ. ಗಾಳಿ ಕಡಿಮೆ ಇದ್ದಷ್ಟೂ ಬಗ್ಗುವುದು ಹೆಚ್ಚು, ಬಿಸಿ ಹೆಚ್ಚು. ಆ ಬಿಸಿಗೆ ಪದರಗಳು ಬಿಟ್ಟುಕೊಳ್ಳುತ್ತವೆ.

ಎರಡನೇ ಮಹಾಯುದ್ಧದಲ್ಲಿ ಈ ಎರಡೂ ಮುಖಗಳು ಒಟ್ಟಿಗೆ ಕಾಣಿಸಿದವು. 1942ರ ಫೆಬ್ರವರಿಯಲ್ಲಿ ಸಿಂಗಪುರ ಬಿತ್ತು. ಮಲಯ, ಜಾವಾ, ಸುಮಾತ್ರಗಳ ರಬ್ಬರ್ ತೋಟಗಳು ಜಪಾನಿನ ಕೈ ಸೇರಿದವು. ಅಮೆರಿಕಕ್ಕೆ ಬರುತ್ತಿದ್ದ ರಬ್ಬರಿನಲ್ಲಿ ಸುಮಾರು 90 ಶೇಕಡಾ ನಿಂತೇ ಹೋಯಿತು. ಆಗ ಅಲ್ಲಿನ ಸರ್ಕಾರ ದೇಶಕ್ಕೆಲ್ಲ ಗಂಟೆಗೆ 35 ಮೈಲಿ, ಅಂದರೆ 56 ಕಿ.ಮೀ. ವೇಗಮಿತಿ ಹಾಕಿತು. ಪೆಟ್ರೋಲಿಗೆ ಪಡಿತರ ಬಂತು. ಪೆಟ್ರೋಲ್ ಉಳಿಸುವುದಕ್ಕಿಂತ ಟೈರ್ ಉಳಿಸುವುದೇ ಅದರ ಮುಖ್ಯ ಉದ್ದೇಶ. ಕಾರ್ಖಾನೆಗಳಲ್ಲಿ ಕೃತಕ ರಬ್ಬರ್ ತಯಾರಾಯಿತು. ಆದರೆ ದೊಡ್ಡ ಲಾರಿ ಟೈರುಗಳಲ್ಲಿ ಅದು ಸಹಜ ರಬ್ಬರಿಗಿಂತ ಹೆಚ್ಚು ಬಿಸಿಯಾಗುತ್ತಿತ್ತು. ಹಾಗಾಗಿ ಉಳಿದಿದ್ದ ಮರದ ರಬ್ಬರನ್ನು ಅವಕ್ಕೆ ಜೋಪಾನವಾಗಿ ಬೆರೆಸಬೇಕಾಯಿತು.

ಅದೇ ಯುದ್ಧದಲ್ಲಿ ನೀರಿನಲ್ಲೂ ನೆಲದಲ್ಲೂ ಓಡುವ 'ಡಕ್' ಅನ್ನುವ ಟ್ರಕ್ ಬಂತು. ಅದರ ಚಾಲಕ ಕೂತಲ್ಲಿಂದಲೇ ಟೈರಿನ ಗಾಳಿ ಏರಿಸಿ ಇಳಿಸಬಹುದಿತ್ತು. ಕಡಲ ತೀರದ ಮರಳು ಹತ್ತುವಾಗ ಗಾಳಿ ಕಡಿಮೆ, ರಸ್ತೆ ಸಿಕ್ಕ ಕೂಡಲೇ ಜಾಸ್ತಿ. ನನ್ನ ಗೆಳೆಯನ ಪ್ರಶ್ನೆಗೆ ಅತ್ಯಂತ ಪ್ರಾಮಾಣಿಕ ಉತ್ತರ ಈ ಡಕ್ ಅಂತ ನನಗನ್ನಿಸುತ್ತದೆ. ಎರಡು ನೆಲಕ್ಕೆ ಒಂದೇ ಟೈರ್ ಸಾಕಾಗಬಹುದು, ಒಂದೇ ಗಾಳಿ ಸಾಕಾಗದು.

ಅಂದ ಹಾಗೆ, ಯುದ್ಧದ ಜೀಪಿನ ಟೈರ್ ನಮಗೂ ಪರಿಚಿತ. ಮಧ್ಯದಿಂದ ಎರಡೂ ಕಡೆಗೆ ಅಡ್ಡಡ್ಡ ಪಟ್ಟಿ, ಹಿಂದೆ ಮುಂದೆ ಎರಡೂ ದಿಕ್ಕಿಗೆ ಒಂದೇ ಹಿಡಿತ. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಮಹೀಂದ್ರಾದವರು ವಿಲ್ಲಿಸ್ ಜೀಪುಗಳನ್ನು ಇಲ್ಲಿ ಜೋಡಿಸತೊಡಗಿದಾಗ ಅದೇ ಬಗೆಯ ಟೈರುಗಳೂ ಬಂದವು. ಮಲೆನಾಡಿನಲ್ಲಿ ಬೆಳೆದವರಿಗೆ ಆ ಪಟ್ಟಿಯ ಗುರುತು ಕೆಮ್ಮಣ್ಣಿನ ಮೇಲೆ ಬಿದ್ದದ್ದು ಕಣ್ಣಿಗೆ ಕಟ್ಟಿದ ಹಾಗಿರುತ್ತದೆ. ಆ ಜೀಪು ಗಂಟೆಗೆ 50 ಕಿ.ಮೀ. ದಾಟುತ್ತಿದ್ದದ್ದೇ ಅಪರೂಪ. ಹಾಗಾಗಿ ಬಿಸಿಯ ಪ್ರಶ್ನೆ ಅಷ್ಟಾಗಿ ಬರಲಿಲ್ಲ.

ಆ ಕಾಲದ ಟೈರುಗಳೆಲ್ಲ ಕ್ರಾಸ್-ಪ್ಲೈ. ಒಳಗಿನ ದಾರದ ಪದರಗಳು ಚಾಪೆಯ ಹೆಣಿಗೆಯ ಹಾಗೆ ಓರೆಯಾಗಿ ಒಂದರ ಮೇಲೊಂದು. ಪಕ್ಕ ಬಗ್ಗಿದರೆ ಮೈಯೂ ಅಲುಗುತ್ತದೆ, ಪದರ ಪದರ ಉಜ್ಜಿ ಬಿಸಿಯಾಗುತ್ತದೆ. 1946ರಲ್ಲಿ ಫ್ರಾನ್ಸಿನ ಮಿಶೆಲಿನ್ ಕಂಪನಿ ರೇಡಿಯಲ್ ಟೈರಿಗೆ ಪೇಟೆಂಟ್ ಪಡೆಯಿತು. ದಾರಗಳು ಒಂದು ಅಂಚಿನಿಂದ ಇನ್ನೊಂದಕ್ಕೆ ನೇರ, ನೆಲ ಮುಟ್ಟುವ ಭಾಗದ ಕೆಳಗೆ ಉಕ್ಕಿನ ತಂತಿಯ ಪಟ್ಟಿ. ಪಕ್ಕದ ಗೋಡೆ ತನ್ನ ಪಾಡಿಗೆ ಬಗ್ಗುತ್ತದೆ, ಮೈ ನೆಲದ ಮೇಲೆ ಚಪ್ಪಟೆಯಾಗಿ ಕೂರುತ್ತದೆ. ಬಿಸಿ ಕಡಿಮೆ, ಬಾಳಿಕೆ ಹೆಚ್ಚು.

ಅಮೆರಿಕದಲ್ಲಿ ಪಿಕಪ್ ಟ್ರಕ್ ಅಂದರೆ ವಾರವೆಲ್ಲ ಕೆಲಸಕ್ಕೆ, ಭಾನುವಾರ ಕಾಡಿಗೆ. ಅವರಿಗೆ ಎರಡೂ ಕಡೆ ಓಡುವ ಟೈರ್ ಬೇಕಿತ್ತು. 1976ರಲ್ಲಿ ಬಿ.ಎಫ್. ಗುಡ್ರಿಚ್ ಕಂಪನಿ ರೇಡಿಯಲ್ ದೇಹಕ್ಕೆ ಮಧ್ಯಮ ಗಾತ್ರದ ಗುಬಟು ಕೂಡಿಸಿ 'ಆಲ್-ಟೆರೇನ್' ಅನ್ನುವ ಟೈರ್ ತಂದಿತು. ಮೆಕ್ಸಿಕೋದಲ್ಲಿ 1967ರಿಂದ ನಡೆಯುತ್ತಿದ್ದ ಬಾಹಾ ಮರಳುಗಾಡಿನ ರೇಸಿನಲ್ಲಿ ಇಂಥ ಟೈರುಗಳ ಪರೀಕ್ಷೆ ಆಯಿತು. ಬರೀ ಕೆಸರಿಗಾಗಿ ಮಡ್-ಟೆರೇನ್ ಟೈರನ್ನು ಅದೇ ಕಂಪನಿ 1980ರಲ್ಲಿ ಹೊರತಂದಿತು. ಇಂದು ಅಂಗಡಿಯಲ್ಲಿ ನಾವು ಕೇಳುವ 'ಎ.ಟಿ.' ಮತ್ತು 'ಎಂ.ಟಿ.' ಅನ್ನುವ ಎರಡು ಜಾತಿ ಬೇರೆಯಾದದ್ದು ಹೀಗೆ.

ನಮ್ಮಲ್ಲಿ ರೇಡಿಯಲ್ ಬರಲು ತಡವಾಯಿತು. ಕೆಟ್ಟ ರಸ್ತೆ, ಮಿತಿ ಮೀರಿದ ಲೋಡು, ಮತ್ತೆ ಮತ್ತೆ ರೀಟ್ರೆಡ್ ಮಾಡಿಸುವ ಅಭ್ಯಾಸ, ಇದಕ್ಕೆಲ್ಲ ದಪ್ಪ ನೈಲಾನ್ ಟೈರೇ ಸರಿ ಅಂತ ಲಾರಿಯವರ ನಂಬಿಕೆ. ಮೈಸೂರಿನ ನಮ್ಮ ವಿಕ್ರಾಂತ್ ಟೈರ್ಸ್ 1997ರಲ್ಲಿ ಜೆ.ಕೆ. ಟೈರ್ ತೆಕ್ಕೆಗೆ ಹೋಯಿತು. ಮುಂದೆ ಲಾರಿ, ಬಸ್ಸುಗಳ ರೇಡಿಯಲ್ ಟೈರುಗಳು ಮೈಸೂರಿನಲ್ಲೇ ತಯಾರಾಗತೊಡಗಿದವು. ಅಷ್ಟರಲ್ಲಿ ನಾಲ್ಕು ಪಥದ ಹೆದ್ದಾರಿಗಳೂ ಬಂದವು. ವೇಗ ಏರಿತು. ವೇಗದ ಜೊತೆ ಬಿಸಿಯೂ.

ಬಿಸಿಯ ಬೆಲೆ ಎಷ್ಟು ಅಂತ ಜಗತ್ತಿಗೆ ಗೊತ್ತಾದದ್ದು 2000ದಲ್ಲಿ. ಅಮೆರಿಕದಲ್ಲಿ ಫೋರ್ಡ್ ಎಕ್ಸ್‌ಪ್ಲೋರರ್ ಅನ್ನುವ ಗಾಡಿ ಬಹಳ ಜನಪ್ರಿಯ. ಕಾಡು ಗಾಡಿಯ ರೂಪ, ಆದರೆ ಓಟವೆಲ್ಲ ಹೈವೇಯಲ್ಲಿ. ಅದಕ್ಕೆ ಹಾಕಿದ್ದ ಫೈರ್‌ಸ್ಟೋನ್ ಟೈರುಗಳಲ್ಲಿ ಒಂದರ ಹೆಸರಿನಲ್ಲೇ 'ಎ.ಟಿ.' ಇತ್ತು. ಬಿಸಿಲಿನ ರಾಜ್ಯಗಳಲ್ಲಿ, ಹೈವೇ ವೇಗದಲ್ಲಿ, ಟೈರಿನ ಮೈ ಸಿಪ್ಪೆಯ ಹಾಗೆ ಸುಲಿದು ಗಾಡಿಗಳು ಪಲ್ಟಿಯಾದವು. ಆಗಸ್ಟ್ 2000ದಲ್ಲಿ 65 ಲಕ್ಷ ಟೈರುಗಳನ್ನು ಹಿಂದಕ್ಕೆ ಕರೆಸಿಕೊಳ್ಳಲಾಯಿತು. ಸರ್ಕಾರದ ಲೆಕ್ಕದಲ್ಲಿ ಸತ್ತವರು 271 ಮಂದಿ. ಉಕ್ಕಿನ ಪಟ್ಟಿಯ ಅಂಚು ಬಿಟ್ಟುಕೊಳ್ಳುತ್ತಿತ್ತು, ಟೈರಿನ ವಿನ್ಯಾಸದಲ್ಲೂ ಅಂಟಿನಲ್ಲೂ ಕೊರತೆ ಇತ್ತು ಅಂತ ತನಿಖೆ ಹೇಳಿತು. ಫೋರ್ಡ್ ಸೂಚಿಸಿದ್ದ ಗಾಳಿ 26 ಪಿ.ಎಸ್.ಐ., ಅದು 30 ಇರಬೇಕಿತ್ತು ಅಂತ ಟೈರ್ ಕಂಪನಿ. ಟೈರೇ ಕಾರಣ ಅಂತ ಅವರು, ಗಾಡಿಯೇ ಕಾರಣ ಅಂತ ಇವರು. ಸುಮಾರು ನೂರು ವರ್ಷದ ನಂಟು 2001ರಲ್ಲಿ ಮುರಿದು ಬಿತ್ತು. ಈಗ ಹೊಸ ಕಾರುಗಳಲ್ಲಿ ಗಾಳಿ ಕಡಿಮೆಯಾದರೆ ಹತ್ತುವ ಹಳದಿ ದೀಪ ಇದೆಯಲ್ಲ, ಅದನ್ನು ಅಮೆರಿಕ ಕಡ್ಡಾಯ ಮಾಡಿದ್ದು ಈ ಸಾವುಗಳ ನಂತರ ಬಂದ ಕಾನೂನಿನಿಂದ.

ಇದನ್ನೆಲ್ಲ ಇಷ್ಟು ಉದ್ದಕ್ಕೆ ಹೇಳಲು ನನಗೂ ಒಂದು ಕಾರಣ ಇದೆ. ವರ್ಷಗಳ ಹಿಂದೆ ಇದೇ ಗೆಳೆಯನ ತೋಟಕ್ಕೆ ಹೋಗಿದ್ದೆ. ಮೇ ತಿಂಗಳ ಮಳೆ ಬಿದ್ದು ದಾರಿ ಕೆಸರು. ಜಾಣನ ಹಾಗೆ ನಾಲ್ಕೂ ಟೈರಿನ ಗಾಳಿ ಇಳಿಸಿ ಸಲೀಸಾಗಿ ಹತ್ತಿದೆ. ಮರುದಿನ ಹೊರಟಾಗ 'ಮುಂದೆ ಎಲ್ಲಾದರೂ ತುಂಬಿಸಿದರಾಯ್ತು' ಅಂದುಕೊಂಡು ಮರೆತೇಬಿಟ್ಟೆ. ಚನ್ನರಾಯಪಟ್ಟಣ ದಾಟಿದ ಮೇಲೆ, ಮಧ್ಯಾಹ್ನದ ಬಿಸಿಲಲ್ಲಿ, ಹಿಂದಿನಿಂದ ಯಾರೋ ಬಾಗಿಲು ಬಡಿದ ಹಾಗೆ ಸದ್ದು. ಎಡ ಹಿಂದಿನ ಟೈರಿನ ಮೈ ಸುಲಿದು ಗಾಡಿ ಅಡ್ಡ ತಿರುಗಿತು. ಪಕ್ಕದಲ್ಲಿ ಲಾರಿ ಇರಲಿಲ್ಲ, ಅಷ್ಟೇ. ಹಿಂದಿನ ಸೀಟಿನಲ್ಲಿ ಅಮ್ಮ ನಿದ್ದೆ ಮಾಡುತ್ತಿದ್ದಳು. ಟೈರಿನ ತಪ್ಪು ಏನೂ ಇರಲಿಲ್ಲ. ತಪ್ಪು ನನ್ನದೇ.

ಆದ್ದರಿಂದ ಗೆಳೆಯನಿಗೆ ಹೇಳಿದ ಮೊದಲ ಮಾತು: ಟೈರ್ ಆರಿಸುವಾಗ ಗಾಡಿ ಹೂತುಕೊಳ್ಳುವ ಜಾಗ ನೋಡಬೇಡ, ಜೀವ ಹೋಗುವ ಜಾಗ ನೋಡು. ಕೆಸರಲ್ಲಿ ಹೂತರೆ ಟ್ರ್ಯಾಕ್ಟರ್ ಬರುತ್ತದೆ, ಹೆಚ್ಚೆಂದರೆ ಅರ್ಧ ದಿನ ಹೋಗುತ್ತದೆ. ಹೈವೇಯಲ್ಲಿ ಟೈರ್ ಕೈಕೊಟ್ಟರೆ ಅರ್ಧ ದಿನದ ಮಾತಲ್ಲ. ನಿನ್ನ ಓಟಕ್ಕೆ ಎ.ಟಿ. ಸಾಕು. ಗಾಡಿಯ ತೂಕಕ್ಕೆ ತಕ್ಕ ಲೋಡ್ ಅಂಕಿ ಇದೆಯಾ ನೋಡು. ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಯನ್ನೂ ನೋಡು, ಮೊದಲ ಎರಡು ತಯಾರಾದ ವಾರ, ಕೊನೆಯ ಎರಡು ವರ್ಷ. ಅಂಗಡಿಯಲ್ಲಿ ಕೂತು ಹಳತಾದದ್ದು ಬೇಡ.

ಎರಡನೇ ಮಾತು: ಉಳಿದ ದುಡ್ಡಿನಲ್ಲಿ ಒಂದು ಗಾಳಿ ಮಾಪಕ, ಒಂದು ಸಣ್ಣ ಪಂಪು ತಗೋ. ಗೇಟಿನ ಹತ್ತಿರ ಇಳಿಸು, ವಾಪಸ್ ಬರುವಾಗ ಅದೇ ಗೇಟಿನ ಹತ್ತಿರ ತುಂಬಿಸು. 'ಮುಂದೆ ಎಲ್ಲಾದರೂ' ಅನ್ನಬೇಡ.

"ಮಡ್ ಟೈರ್ ನೋಡೋಕೆ ಚೆನ್ನಾಗಿರುತ್ತಲ್ಲೋ..." ಅಂದ.

ಚೆನ್ನಾಗಿರುತ್ತೆ, ಇಲ್ಲ ಅನ್ನಲ್ಲ. ಆದರೆ ಅಮ್ಮನನ್ನು ಹಿಂದೆ ಕೂರಿಸಿಕೊಂಡು ಹೈವೇಯಲ್ಲಿ ಬರುವಾಗ ಟೈರ್ ಎಷ್ಟು ಚಂದ ಅಂತ ಯಾರೂ ನೋಡುವುದಿಲ್ಲ ಅಂದೆ. ನಿನ್ನೆ ಮೆಸೇಜ್ ಬಂದಿದೆ: ಎ.ಟಿ. ಹಾಕಿಸಿದನಂತೆ. ಪಂಪು ಮಾತ್ರ ಇನ್ನೂ ತಗೊಂಡಿಲ್ಲವಂತೆ! ನಾಳೆ ನಾನೇ ಕೊಂಡು ಕೊಟ್ಟು ಬರಬೇಕು.