ವಾರಾನ್ನದಿಂದ ಹಾಸ್ಟೆಲ್‌ವರೆಗೆ

ವಾರಾನ್ನವೆಂದರೆ ಓದುವ ಬಡ ಹುಡುಗನಿಗೆ ಏಳು ದಿನಕ್ಕೆ ಏಳು ಮನೆಯ ಊಟ. ಸೋಮವಾರದ ಮನೆಯವರು ಪರವೂರಿಗೆ ಹೋಗಿದ್ದರೆ ಹುಡುಗನಿಗೆ ಅಂದು ತಣ್ಣೀರೇ ಗತಿ. ಆ ಕಷ್ಟವೇ ವಾರಾನ್ನದ ಹುಡುಗರನ್ನು ಗಟ್ಟಿಮಾಡಿತು ಎನ್ನುವವರು ಇಂದಿಗೂ ಇದ್ದಾರೆ. ಆದರೆ ವಾರಾನ್ನದ ದಿನಗಳನ್ನು ನೆನೆದು ಆತ್ಮಕಥೆ ಬರೆದವರು ದಡ ಸೇರಿದವರು. ನಡುವೆ ಓದು ಬಿಟ್ಟವರ ಕಥೆಯನ್ನು ಯಾರು ಅಚ್ಚುಹಾಕಿಸಿದರು? ಮೇಲಾಗಿ ಆ ಪಂಕ್ತಿಗೆ ಜಾತಿಯ ಬಾಗಿಲಿತ್ತು; ಊಟವಿರಲಿ, ಅಕ್ಷರಕ್ಕೂ ಅದೇ ಬಾಗಿಲು. 1897ರಲ್ಲಿ ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದ ಕುದ್ಮುಲ್ ರಂಗರಾವ್ ದಲಿತ ಮಕ್ಕಳಿಗೆ ಅಕ್ಷರ ಕಲಿಸಹೊರಟು ಸ್ವಜಾತಿಯವರ ಬಹಿಷ್ಕಾರ ಉಂಡರು.

ಹದಿಹರೆಯದವರನ್ನು ಶಾಲೆಯಲ್ಲಿ ನಿಲ್ಲಿಸಿದ್ದು ಛಲವೊಂದೇ ಅಲ್ಲ, ನಾಳೆಯ ಊಟ ಖಾತ್ರಿ ಎಂಬ ನೆಮ್ಮದಿ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ವಿದ್ಯಾರ್ಥಿಯಾಗಿ ಉಳಿದುಕೊಂಡಿದ್ದ ಶಿವಕುಮಾರ ಸ್ವಾಮೀಜಿ ಮುಂದೆ ಅದೇ ಮಠದಲ್ಲಿ ಸಾವಿರಾರು ಮಕ್ಕಳ ಊಟ, ಪಾಠ, ಪ್ರಾರ್ಥನೆಯನ್ನು ಒಂದೇ ದಿನಚರಿಗೆ ಹೊಂದಿಸಿದರು. ಬಿಸಿ ಮುದ್ದೆ, ಸಾರು, ಸಾಲಾಗಿ ಕೂತ ಮಕ್ಕಳು: ಇಲ್ಲಿ ಉಣ್ಣುವವನು ಯಾರ ಮನೆಯ ಹಂಗಿಗೂ ಬೀಳಬೇಕಿಲ್ಲ. ಮಠದಾಚೆ ಸಮುದಾಯಗಳು ಜಾತಿಗೊಂದು ಹಾಸ್ಟೆಲ್ ಕಟ್ಟಿ ಮಕ್ಕಳನ್ನು ಬೇರೆಬೇರೆ ಮಾಡಿದರಲ್ಲ ಎಂಬ ಆಕ್ಷೇಪ ಸುಳ್ಳಲ್ಲ. ಆದರೂ 1970ರ ದಶಕದಲ್ಲಿ ಮುಖ್ಯಮಂತ್ರಿ ದೇವರಾಜ ಅರಸರ ಸರ್ಕಾರ ಹಿಂದುಳಿದ ವರ್ಗಗಳ ವಿದ್ಯಾರ್ಥಿನಿಲಯಗಳನ್ನು ವಿಸ್ತರಿಸದಿದ್ದರೆ ಎಷ್ಟೋ ಮಕ್ಕಳು ಹೊಲಕ್ಕೋ ಹೋಟೆಲಿಗೋ ಹೋಗುತ್ತಿದ್ದರು. ಹುಡುಗಿಯರ ಸರದಿ ಮಾತ್ರ ತಡವಾಗಿಯೇ ಬಂತು. ಹುಡುಗಿಯರಿಗೆ ವಸತಿ ಶಾಲೆ ಒದಗಿಸುವ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯ ಯೋಜನೆ ಶುರುವಾದದ್ದು 2004ರಲ್ಲಿ.